80 ಸಾವಿರ ಇದೆ, ಮೊದಲು ಯಾವುದಕ್ಕೆ ಹಾಕಲಿ: ಸ್ಪೀಕರ್‌ಗೋ, ಆಂಪ್‌ಗೋ, ಪ್ಲೇಯರ್‌ಗೋ?

ವಿದ್ಯಾನಗರದ ಕೇಳುಗ (ಹಾಸನ)

ಎಲ್ಲರಿಗೂ ನಮಸ್ಕಾರ. ಮನೆ ಹಾಸನದ ವಿದ್ಯಾನಗರದಲ್ಲಿ. ಹಾಲ್ 12 ಅಡಿ ಅಗಲ, 16 ಅಡಿ ಉದ್ದ, ತಾರಸಿ 10 ಅಡಿ ಎತ್ತರ. ನೆಲಕ್ಕೆ ಟೈಲ್ಸ್, ಉದ್ದದ ಒಂದು ಗೋಡೆಯಲ್ಲಿ ದೊಡ್ಡ ಕಿಟಕಿ, ಸೋಫಾ ಹಿಂದಿನ ಗೋಡೆಗೆ ತಾಗಿದೆ. ಇಷ್ಟು ವರ್ಷ ಟಿವಿಯ ಸ್ಪೀಕರ್ ಮತ್ತು ಒಂದು ಬ್ಲೂಟೂತ್ ಡಬ್ಬಿಯಲ್ಲೇ ಕೇಳಿದ್ದೇವೆ.

ಅಪ್ಪ ಅರಕಲಗೂಡು ಕಡೆಯವರು. ರುದ್ರಪಟ್ಟಣದ ಆರ್.ಕೆ. ಶ್ರೀಕಂಠನ್ ಅವರ ಗಾಯನ ಅಂದ್ರೆ ಊಟದ ಹೊತ್ತೂ ನೆನಪಿರಲ್ಲ ಅವರಿಗೆ. ನನಗೆ ಅರವತ್ತು-ಎಪ್ಪತ್ತರ ದಶಕದ ಕನ್ನಡ ಸಿನಿಮಾ ಹಾಡು. ಮನೆಯವರೂ ಮಗಳೂ ಆಗಾಗ ಸಿನಿಮಾ ನೋಡ್ತಾರೆ. ಒಟ್ಟು 80 ಸಾವಿರ ಎತ್ತಿಟ್ಟಿದ್ದೀನಿ. ಅಂಗಡಿಯವರು 5.1 ಸೆಟ್ (ಸುತ್ತ ಐದು ಸ್ಪೀಕರ್, ಮಂದ್ರಕ್ಕೆ ಒಂದು ಸಬ್‌ವೂಫರ್) ತಗೊಳ್ಳಿ ಅಂತಾರೆ, ಗೆಳೆಯರೊಬ್ಬರು ಅರ್ಧ ದುಡ್ಡು ಆಂಪ್ಲಿಫೈಯರ್‌ಗೇ ಇಡು ಅಂತಾರೆ, ಡ್ಯಾಕ್ (ಡಿಜಿಟಲ್ ಅಂಕಿಗಳನ್ನು ದನಿಯ ಸಂಕೇತ ಮಾಡೋ ಸಾಧನ) ಮೊದಲು ಅನ್ನೋರೂ ಇದ್ದಾರೆ. ನೀವಾದ್ರೆ ಯಾವುದು ಮೊದಲು ಕೊಳ್ತಿದ್ರಿ? ಅಪ್ಪನ ಕಿವಿ ಚುರುಕಾಗಿರುವಾಗಲೇ ಆ ದನಿ ಅವರಿಗೆ ಸರಿಯಾಗಿ ಕೇಳಿಸಬೇಕು ಅನ್ನೋದು ನನ್ನ ಆಸೆ.

ತೋಟದ ಮನೆ (ಮೂಡಿಗೆರೆ)

ಸರ್, ನಿಮ್ಮ ಕೊನೆಯ ಸಾಲು ಓದಿ ಬರೆಯದೆ ಇರಲಾಗಲಿಲ್ಲ. ಮೊದಲು ಕೋಣೆ. ಅದರಲ್ಲಿ ಬಹುಪಾಲು ಕೆಲಸಕ್ಕೆ ದುಡ್ಡೇ ಬೇಡ. ಆಮೇಲೆ ಸ್ಪೀಕರ್, ಇದಕ್ಕೆ ಇರುವ ದುಡ್ಡಿನ ಅರ್ಧಕ್ಕಿಂತ ಹೆಚ್ಚು. ಅದಾದ ಮೇಲೆ ಆ ಸ್ಪೀಕರ್‌ಗೆ ಸಾಕಾಗುವಷ್ಟು ಆಂಪ್. ಡ್ಯಾಕ್, ಪ್ಲೇಯರ್ ಕೊನೆಗೆ.

ಕಾರಣ ಹೇಳ್ತೀನಿ. ಇವತ್ತಿನ ಸಾಧಾರಣ ಡ್ಯಾಕ್ ಆಗಲಿ, ಸರಿಯಾಗಿ ಮಾಡಿದ ಆಂಪ್ ಆಗಲಿ, ನಾವು ಕೇಳುವ ಇಡೀ ಶ್ರೇಣಿಯಲ್ಲಿ ಒಂದು ಡೆಸಿಬೆಲ್‌ನ (ದನಿಯ ಜೋರು ಅಳೆಯುವ ಮಾನ) ಸಣ್ಣ ಭಾಗಕ್ಕಿಂತ ಹೆಚ್ಚು ಏರುಪೇರಾಗಲ್ಲ. ಸ್ಪೀಕರ್‌ನಲ್ಲಿ ಮೂರು ಡೆಸಿಬೆಲ್ ಮೇಲೆ ಕೆಳಗೆ ಅನ್ನೋದು ಮಾಮೂಲು. ಮಂದ್ರ ಸ್ವರಗಳಲ್ಲಿ ಜೋರು ಮಾಡಿದರೆ ಶೇಕಡಾ ಒಂದನ್ನೂ ದಾಟಿ ವಿಕೃತಿ ಬರುತ್ತೆ. ಅದೇ ಸ್ಪೀಕರನ್ನು ಕೋಣೆಯೊಳಗೆ ಇಟ್ಟರಂತೂ 300 ಹರ್ಟ್ಸ್‌ಗಿಂತ (ಸೆಕೆಂಡಿಗೆ ಎಷ್ಟು ಕಂಪನ ಅನ್ನೋ ಲೆಕ್ಕ) ಕೆಳಗೆ ಹತ್ತು, ಹದಿನೈದು ಡೆಸಿಬೆಲ್ ಏರಿಳಿತ ಕಾಣುತ್ತೆ. ದೊಡ್ಡ ತಪ್ಪು ಎಲ್ಲಿದೆಯೋ ಅಲ್ಲಿಗೆ ದುಡ್ಡು ಮತ್ತು ಶ್ರಮ ಹೋಗಬೇಕು.

ಫ್ಲಾಯ್ಡ್ ಟೂಲ್ ಅನ್ನುವ ವಿಜ್ಞಾನಿ ಮೊದಲು ಕೆನಡಾದ ರಾಷ್ಟ್ರೀಯ ಸಂಶೋಧನಾ ಮಂಡಳಿಯಲ್ಲಿ, ಆಮೇಲೆ ಹರ್ಮನ್ ಕಂಪನಿಯಲ್ಲಿ ಇದ್ದುಕೊಂಡು, ಜನರಿಗೆ ಯಾವ ಸ್ಪೀಕರ್ ಅಂತ ತೋರಿಸದೆ ಕೇಳಿಸಿ ಪರೀಕ್ಷೆ ಮಾಡಿದವರು. ಬೆಲೆ, ಹೆಸರು ಕಾಣದಿದ್ದಾಗ ಹೆಚ್ಚಿನವರು ಮೆಚ್ಚಿದ್ದು ಒಂದೇ ಬಗೆಯ ಸ್ಪೀಕರ್: ಎದುರಿಗೆ ಸಮತಟ್ಟಾದ ದನಿ, ಪಕ್ಕಕ್ಕೆ ಹೋದಂತೆ ನಯವಾಗಿ ತಗ್ಗುವ ದನಿ. ಹಾಗಾಗಿ ಆಯ್ಕೆ ಬರೀ ರುಚಿಯ ವಿಚಾರ ಅಲ್ಲ, ಅಳೆಯಬಹುದಾದ ಗುಣ ಇದೆ ಅಲ್ಲಿ.

ತಿರುಗುತಟ್ಟೆ (ಚಿಕ್ಕಮಗಳೂರು)

ತೋಟದ ಮನೆಯವರ ಬಗ್ಗೆ ಗೌರವ ಇಟ್ಟುಕೊಂಡೇ ಹೇಳ್ತೀನಿ, ನಾನು ಒಪ್ಪಲ್ಲ. ಬಾವಿಯಲ್ಲಿ ಇಲ್ಲದ್ದು ಬಿಂದಿಗೆಗೆ ಬರಲ್ಲ. ಧ್ವನಿಮುದ್ರಿಕೆಯಿಂದ ಎತ್ತುವಾಗಲೇ ಕಳೆದುಹೋದ ಗಮಕವನ್ನು ಯಾವ ಸ್ಪೀಕರ್ ವಾಪಸ್ ತರುತ್ತೆ? ನನ್ನ ಹತ್ತಿರ ಹಳೆಯ ಎಲ್‌ಪಿಗಳಿವೆ. ಸೂಜಿ ಬದಲಿಸಿದಾಗ ಆಗುವ ವ್ಯತ್ಯಾಸ ಕಣ್ಣು ಮುಚ್ಚಿಕೊಂಡೂ ಗೊತ್ತಾಗುತ್ತೆ.

ತೋಟದ ಮನೆ (ಮೂಡಿಗೆರೆ)

ನಿಮ್ಮ ಮಾತು ಎಲ್‌ಪಿಗೆ ಪೂರ್ತಿ ನಿಜ. ಮೂಲವೇ ಮೊದಲು ಅನ್ನೋ ವಾದ ಜೋರಾಗಿದ್ದು ಎಪ್ಪತ್ತರ ದಶಕದಲ್ಲಿ, ಸ್ಕಾಟ್‌ಲೆಂಡಿನ ಲಿನ್ ಕಂಪನಿ ತನ್ನ ಟರ್ನ್‌ಟೇಬಲ್ ತಂದಾಗ. ಆಗ ಅದು ಸರಿಯೂ ಆಗಿತ್ತು. ಸೂಜಿ ಎತ್ತುವ ಸಂಕೇತ ಕೆಲವೇ ಮಿಲಿವೋಲ್ಟ್. ಮೋಟಾರಿನ ನಡುಕ, ತಟ್ಟೆಯ ವೇಗದ ಏರುಪೇರು, ತೋಳಿನ ಕೋನ ಎಲ್ಲವೂ ಅದರಲ್ಲಿ ಬೆರೆಯುತ್ತೆ. ಅದು ಯಂತ್ರದ ಕೆಲಸ, ಒಳ್ಳೆಯ ಯಂತ್ರಕ್ಕೆ ದುಡ್ಡು ಬೀಳಲೇಬೇಕು.

ಆದರೆ 1982ರಲ್ಲಿ ಸಿಡಿ ಬಂದ ಮೇಲೆ ಲೆಕ್ಕ ಬದಲಾಯಿತು. 16 ಬಿಟ್‌ನ ಸಿಡಿಗೆ ಅತಿ ಮೆಲುದನಿಯಿಂದ ಅತಿ ಜೋರಿನವರೆಗೆ ಸುಮಾರು 96 ಡೆಸಿಬೆಲ್‌ನಷ್ಟು ವ್ಯಾಪ್ತಿ ಇದೆ. ನಮ್ಮ ಹಾಲ್‌ನಲ್ಲಿ ಫ್ಯಾನ್ ತಿರುಗುವಾಗ, ಹೊರಗೆ ಬೈಕ್ ಹೋಗುವಾಗ ಅಷ್ಟು ಕೇಳಲು ಜಾಗವೇ ಇಲ್ಲ. ಫೋನಿಗೆ ಚುಚ್ಚುವ ಆಪಲ್‌ನ ಸಣ್ಣ ಡಾಂಗಲ್ (ಅದೂ ಒಂದು ಡ್ಯಾಕ್) ಕೂಡ ಅಳತೆಯಲ್ಲಿ ಚೆನ್ನಾಗೇ ನಿಲ್ಲುತ್ತೆ. ಬಾವಿ ತುಂಬಿದೆ ಸರ್ ಈಗ. ವಿದ್ಯಾನಗರದವರು ಎಲ್‌ಪಿ ಶುರು ಮಾಡ್ತೀನಿ ಅಂದರೆ ನಿಮ್ಮನ್ನೇ ಕೇಳಲಿ, ನಾನು ಅಡ್ಡ ಬರಲ್ಲ.

ತಿರುಗುತಟ್ಟೆ (ಚಿಕ್ಕಮಗಳೂರು)

ಡಿಜಿಟಲ್‌ಗೆ ಅಷ್ಟರಮಟ್ಟಿಗೆ ಒಪ್ಪಿದೆ. ಆದರೆ ಒಂದು ಮಾತು ಸೇರಿಸಲೇಬೇಕು. ಪೆಟ್ಟಿಗೆ ಮುಖ್ಯ ಅಲ್ಲದಿರಬಹುದು, ಮುದ್ರಣ ಮುಖ್ಯ. ಶ್ರೀಕಂಠನ್ ಅವರದ್ದೇ ಆಗಲಿ, ಯಾರೋ ಟಿವಿಯ ಮುಂದೆ ಫೋನ್ ಹಿಡಿದು ಏರಿಸಿದ ಪ್ರತಿ ಬೇರೆ, ಮೂಲ ಟೇಪಿನಿಂದ ತೆಗೆದ ಪ್ರತಿ ಬೇರೆ. ಒಳ್ಳೆಯ ಪ್ರತಿಗಳನ್ನು ಹುಡುಕಿ, ದುಡ್ಡು ಕೊಟ್ಟು ತಗೊಳ್ಳಿ. ಮೂಲ ಮೊದಲು ಅಂತ ನಾನು ಹೇಳಿದ್ದನ್ನು ಈ ಅರ್ಥದಲ್ಲಿ ಇಟ್ಟುಕೊಳ್ಳಿ.

ರಿಪೇರಿ ಮೇಜು (ಅರಸೀಕೆರೆ)

ಆಂಪ್ ಬಗ್ಗೆ ನಾನು ಹೇಳ್ತೀನಿ, ದಿನಾ ಬಿಚ್ಚೋದೇ ಅದನ್ನು. ಡಬ್ಬದ ಮೇಲೆ ಪಿಎಂಪಿಒ (ಕ್ಷಣಮಾತ್ರದ ಗರಿಷ್ಠ ಅಂತ ಹೇಳ್ಕೊಳ್ಳೋ ಅಂಕಿ) ಅಂತ ಸಾವಿರಗಟ್ಟಲೆ ವ್ಯಾಟ್ ಬರೆದಿರೋದು ನೋಡಿದ್ರೆ ಮುಂದೆ ಹೋಗಿ. ಆರ್‌ಎಂಎಸ್ (ಸತತವಾಗಿ ಕೊಡೋ ನಿಜವಾದ ವ್ಯಾಟ್) ಎಷ್ಟು, ಎಷ್ಟು ಓಮ್‌ಗೆ (ಸ್ಪೀಕರ್ ಒಡ್ಡೋ ತಡೆ), ಎರಡೂ ಚಾನೆಲ್ ಒಟ್ಟಿಗೆ ನಡೆಯುವಾಗ ಎಷ್ಟು, ಇಷ್ಟು ಕೇಳಿ.

ಸ್ಪೀಕರ್ ಹಿಂದೆ ಸೆನ್ಸಿಟಿವಿಟಿ ಅಂತ ಒಂದು ಅಂಕಿ ಇರುತ್ತೆ ಕಣಣ್ಣ, ಎಲ್ಲರೂ ಅದನ್ನು ಬಿಟ್ಟು ವ್ಯಾಟ್ ನೋಡ್ತಾರೆ. 86 ಅಂತ ಬರೆದಿದ್ದರೆ ಒಂದು ವ್ಯಾಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ 86 ಡೆಸಿಬೆಲ್ ಅಂತ ಅರ್ಥ, 8 ಓಮ್ ಸ್ಪೀಕರ್ ಆದ್ರೆ. ವ್ಯಾಟ್ ಎರಡರಷ್ಟು ಮಾಡಿದ್ರೆ ಏರೋದು ಬರೀ 3 ಡೆಸಿಬೆಲ್. ಕಿವಿಗೆ ಎರಡರಷ್ಟು ಜೋರು ಅನ್ನಿಸಬೇಕಾದ್ರೆ 10 ಡೆಸಿಬೆಲ್ ಬೇಕು, ಅಂದ್ರೆ ಹತ್ತು ಪಟ್ಟು ವ್ಯಾಟ್. 50 ವ್ಯಾಟ್ ಆಂಪ್ ಬಿಟ್ಟು 100 ವ್ಯಾಟ್ ತಗೊಂಡ್ರೆ ಸಿಗೋದು ಆ ಮೂರೇ. ಅದೇ 86ರ ಬದಲು 90ರ ಸ್ಪೀಕರ್ ತಗೊಂಡ್ರೆ 50 ವ್ಯಾಟ್ ಆಂಪೇ 125ರ ಹಾಗೆ ಕೆಲಸ ಮಾಡುತ್ತೆ.

ನಿಮ್ಮ ಹಾಲ್‌ಗೆ ಲೆಕ್ಕ ಹಾಕಿ: ಹತ್ತಡಿ ದೂರ ಕೂತರೆ, ಮನೆಯಲ್ಲಿ ಕೇಳುವ ಹದವಾದ ಜೋರಿಗೆ ಒಂದು ವ್ಯಾಟ್ ಕೂಡ ಬೇಡ. ಮೃದಂಗದ ಪೆಟ್ಟು ದಿಢೀರ್ ಅಂತ ಏರುವಾಗ ಮಾತ್ರ ಇಪ್ಪತ್ತು, ಮೂವತ್ತು ಬೇಕಾಗುತ್ತೆ. 50 ವ್ಯಾಟ್‌ನ ನಿಯತ್ತಿನ ಆಂಪ್ ಸಾಕು. ಅರ್ಧ ದುಡ್ಡು ಅದಕ್ಕೆ ಬೇಡವೇ ಬೇಡ. ಸ್ಪೀಕರ್ 4 ಓಮ್ ಆಗಿದ್ರೆ ಮಾತ್ರ ಆಂಪ್ ಅದನ್ನು ತಡೆಯುತ್ತಾ ಅಂತ ವಿಚಾರಿಸಿ.

ವಿದ್ಯಾನಗರದ ಕೇಳುಗ (ಹಾಸನ)

ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ, ತುಂಬಾ ಉಪಕಾರ. ಕೋಣೆ ಮೊದಲು ಅಂದ್ರಲ್ಲ, ಏನು ಮಾಡಬೇಕು ಅಲ್ಲಿ? ಚಪ್ಪಾಳೆ ತಟ್ಟಿದ್ರೆ ಹಾಲ್ ಝಣ್ ಅನ್ನುತ್ತೆ. ಮೊಟ್ಟೆಯ ಟ್ರೇ ಅಂಟಿಸಿ ಅಂತ ಒಬ್ಬರು, ಗೋಣಿಚೀಲ ನೇತುಹಾಕಿ ಅಂತ ಇನ್ನೊಬ್ಬರು ಹೇಳಿದ್ರು.

ತೋಟದ ಮನೆ (ಮೂಡಿಗೆರೆ)

ಎರಡೂ ಬೇಡ ಸರ್. ಮೊಟ್ಟೆ ಟ್ರೇ, ಗೋಣಿಚೀಲ, ತೆಳು ಪರದೆ ಇವೆಲ್ಲ ಮೇಲಿನ ಸ್ವರಗಳನ್ನಷ್ಟೇ ಸ್ವಲ್ಪ ನುಂಗುತ್ತವೆ. ದನಿ ಮಂಕಾಗುತ್ತೆ, ಕೆಳಗಿನ ಗೊಂದಲ ಹಾಗೇ ಉಳಿಯುತ್ತೆ. ಹೀರಿಕೊಳ್ಳಲು ದಪ್ಪ ಬೇಕು.

ಮೊದಲು ಸೋಫಾ. ಗೋಡೆಗೆ ತಾಗಿ ಕೂತರೆ ಮಂದ್ರವೆಲ್ಲ ಉಬ್ಬಿ ಕೇಳುತ್ತೆ, ಯಾಕಂದ್ರೆ ಕೋಣೆಯ ಪ್ರತಿ ಅನುರಣನಕ್ಕೂ (ಗೋಡೆಗಳ ನಡುವೆ ಕಟ್ಟಿಕೊಂಡು ಉಬ್ಬುವ ಸ್ವರಕ್ಕೂ) ಗೋಡೆಯ ಬಳಿ ಒತ್ತಡ ಅತಿ ಹೆಚ್ಚು. ನಿಮ್ಮ 16 ಅಡಿಗೆ ಮೊದಲ ಅನುರಣನ ಸುಮಾರು 35 ಹರ್ಟ್ಸ್, 12 ಅಡಿಗೆ 47, ತಾರಸಿಯ 10 ಅಡಿಗೆ 56. ಸಿ ಶ್ರುತಿಯಲ್ಲಿ ಹಾಡುವ ಗಂಡು ದನಿಯ ಆಧಾರ ಷಡ್ಜ ಸುಮಾರು 131 ಹರ್ಟ್ಸ್, ತಂಬೂರಿಯ ಮಂದ್ರ ತಂತಿ ಅದರ ಅರ್ಧ, 65. ಈ ಕೆಳಗಿನ ಗುಂಯ್ ಅನ್ನುವಿಕೆಯ ಪಕ್ಕದಲ್ಲೇ ಮೃದಂಗದ ಗುಮ್ಕಿ (ಎಡಗೈಯ ಬಾಗುವ ಮಂದ್ರ ನಾದ) ಇರೋದು. ಕೋಣೆ ಅದನ್ನು ಎಳೆದಾಡಿದರೆ ಗುಮ್ಕಿಯ ಬಾಗು ಕರಗಿ ಬರೀ ದಬ್ ದಬ್ ಉಳಿಯುತ್ತೆ. ಸೋಫಾವನ್ನು ಹಿಂದಿನ ಗೋಡೆಯಿಂದ ಐದಡಿ ಮುಂದೆ ತನ್ನಿ. ಕೋಣೆಯ ನಟ್ಟನಡುವೆ ಬೇಡ, ಅಲ್ಲಿ ಮೊದಲ ಅನುರಣನವೇ ಕಾಣೆಯಾಗುತ್ತೆ. ದಿನವಿಡೀ ಅಲ್ಲೇ ಇಡಬೇಕಾಗಿಲ್ಲ, ಕೇಳುವ ಹೊತ್ತಿಗೆ ಎರಡು ಬೆತ್ತದ ಕುರ್ಚಿ ಹಾಕಿದರೂ ಆಯಿತು.

ಸ್ಪೀಕರ್ 12 ಅಡಿಯ ಗೋಡೆಯ ಕಡೆ ಇರಲಿ, ಶೋಕೇಸ್ ಒಳಗಂತೂ ಬೇಡ. ಗೋಡೆಯಿಂದ 3 ಅಡಿ ಮುಂದೆ ಇಟ್ಟರೆ ಹಿಂದಿನಿಂದ ಮರಳುವ ಅಲೆ 94 ಹರ್ಟ್ಸ್ ಸುತ್ತ ಎದುರಾಗಿ ಒಂದು ಹಳ್ಳ ತೋಡುತ್ತೆ, ಆ ಸ್ವರ ಕುಗ್ಗುತ್ತೆ. 2 ಅಡಿಗೆ ಅದು 140ರ ಹತ್ತಿರ. ನೀವು ಕೇಳುವುದು ಹೆಚ್ಚಾಗಿ ಗಂಡು ದನಿ, ಆದ್ದರಿಂದ ಒಂದು ತಂಬೂರಿ ಹಾಕಿ ಆರಾರು ಇಂಚು ಸರಿಸಿ ಕೇಳುತ್ತಾ ಹೋಗಿ. ಎರಡು ಸ್ಪೀಕರ್‌ಗಳ ನಡುವೆ ಏಳಡಿ ಸಾಕು, ಅಪ್ಪನ ಕುರ್ಚಿಯಿಂದ ಎರಡಕ್ಕೂ ಒಂದೇ ದೂರ ಇರಲಿ, ಟೇಪ್ ಹಿಡಿದೇ ಅಳೆಯಿರಿ.

ಆಮೇಲೆ ನೆಲ. ಸ್ಪೀಕರ್‌ಗೂ ಕುರ್ಚಿಗೂ ನಡುವೆ ದಪ್ಪ ಜಮಖಾನೆ. ಅಪ್ಪ ಕೂತಿರುವಾಗ ಪಕ್ಕದ ಗೋಡೆಯ ಮೇಲೆ ನೀವು ಕನ್ನಡಿ ಸರಿಸುತ್ತಾ ಹೋಗಿ, ಎಲ್ಲಿ ಅವರಿಗೆ ಸ್ಪೀಕರ್ ಕಾಣುತ್ತೋ ಅಲ್ಲಿಗೆ ಮೊದಲ ಪ್ರತಿಫಲನ ಬೀಳುತ್ತೆ. ಒಂದು ಕಡೆ ಕಿಟಕಿ ಇದೆಯಲ್ಲ, ಅಲ್ಲಿಗೆ ಮಡಿಕೆ ಮಡಿಕೆಯಾಗಿ ಬೀಳುವ ದಪ್ಪ ಪರದೆ. ಇನ್ನೊಂದು ಕಡೆ ಪುಸ್ತಕದ ಕಪಾಟು. ಹಿಂದಿನ ಮೂಲೆಗಳಿಗೆ ಹಳೆಯ ಹತ್ತಿ ಹಾಸಿಗೆ ಇದ್ದರೆ ಸುತ್ತಿ ನಿಲ್ಲಿಸಿ, ಮೇಲೊಂದು ಒಳ್ಳೆಯ ಬಟ್ಟೆ ಹೊದಿಸಿ. ಈ ಬೆಲೆಗೆ ಇದಕ್ಕಿಂತ ಉತ್ತಮ ಸಾಮಾನು ಮಾರುಕಟ್ಟೆಯಲ್ಲಿಲ್ಲ ಅಂತ ಗಟ್ಟಿಯಾಗಿ ಹೇಳಬಲ್ಲೆ.

ಕೊಪ್ಪದ ಚೆಂಡೆ

ಒಳ್ಳೆ ಚರ್ಚೆ ಮಾರಾಯ್ರೆ. ನಾನು ಕೇಳೋದು ಯಕ್ಷಗಾನದ ಧ್ವನಿಮುದ್ರಣ. ಚೆಂಡೆ ಪೆಟ್ಟು ಎಷ್ಟು ಚೂಪು ಅಂದ್ರೆ, ಸಣ್ಣ ಸ್ಪೀಕರ್ ಅದನ್ನು ಒತ್ತಿ ಚಪ್ಪಟೆ ಮಾಡಿಬಿಡ್ತದೆ, ಭಾಗವತರ ದನಿಯೂ ಅದರ ಹಿಂದೆ ಕುಗ್ತದೆ. ರಿಪೇರಿ ಮೇಜಿನವರು ಹೇಳಿದ ಸೆನ್ಸಿಟಿವಿಟಿ ಅಂಕಿ ನಮಗೆ ಅದಕ್ಕೇ ಬೇಕಾಗೋದು.

ಹೇಳಬೇಕಾದ್ದು ಬೇರೆ ಒಂದುಂಟು. ಸೆಕೆಂಡ್‌ಹ್ಯಾಂಡ್ ಸ್ಪೀಕರ್ ತಗೊಂಡ್ರೆ 45 ಸಾವಿರದಲ್ಲಿ, ಹೊಸತಾಗಿದ್ದಾಗ ಅದರ ಎರಡರಷ್ಟು ಬೆಲೆ ಇದ್ದದ್ದು ಸಿಗ್ಬಹುದು, ಸ್ಪೀಕರ್ ಚೆನ್ನಾಗಿ ಇಟ್ಟುಕೊಂಡ್ರೆ ಇಪ್ಪತ್ತು ಮೂವತ್ತು ವರ್ಷ ಬರ್ತದೆ. ಆದ್ರೆ ಕೋನ್ (ಅದುರಿ ದನಿ ಮಾಡೋ ಭಾಗ) ಸುತ್ತಲಿನ ಅಂಚು ನೋಡಿ. ಫೋಮ್ ಆಗಿದ್ರೆ ತೇವಕ್ಕೆ ಪುಡಿಪುಡಿಯಾಗ್ತದೆ. ನಮ್ಮ ಮಲೆನಾಡಿನ ಜೂನ್-ಜುಲೈ ಅದಕ್ಕೆ ಯಮ. ಬೆರಳಲ್ಲಿ ಮೆಲ್ಲಗೆ ಒತ್ತಿ, ಅಂಟಂಟಾಗಿ ಗುರುತು ಉಳಿದ್ರೆ ಬೇಡ. ಹೊಸ ಅಂಚು ಹಾಕಿಸಬಹುದು, ಅದರ ಖರ್ಚು ಬೆಲೆಯಲ್ಲಿ ಇಳಿಸಿ ಕೇಳಿ. ರಬ್ಬರ್ ಅಂಚಿನದ್ದು ಆದ್ರೆ ಕಣ್ಣು ಮುಚ್ಚಿ ತಗೊಳ್ಳಿ ಅಂತ ಅಲ್ಲ, ಧೈರ್ಯವಾಗಿ ನೋಡಬಹುದು ಅಂತ. ಹಾಸನದಲ್ಲಿ ನಿಮಗೆ ನಮ್ಮಷ್ಟು ತೇವ ಇಲ್ಲ, ಆದರೂ ಮಳೆಗಾಲದಲ್ಲಿ ದಿನಕ್ಕೊಮ್ಮೆ ಆಂಪ್ ಹಾಕಿ ಬೆಚ್ಚಗಿಡಿ.

ಬೇಲೂರು ರಸ್ತೆ (ಹಾಸನ)

ಎಲ್ಲರೂ ಸಂಗೀತ ಸಂಗೀತ ಅಂತಿದ್ದೀರಿ, ಮನೆಯವರ ಸಿನಿಮಾ ಏನಾಯ್ತು? ನಮ್ಮ ಮನೆಯಲ್ಲಿ 5.1 ಇದೆ, ಸಿನಿಮಾಕ್ಕೆ ಅದರ ಖುಷಿಯೇ ಬೇರೆ. ಹಿಂದಿನಿಂದ ಮಳೆ ಶಬ್ದ ಬಂದರೆ ಮಕ್ಕಳು ತಿರುಗಿ ನೋಡ್ತಾರೆ.

ತೋಟದ ಮನೆ (ಮೂಡಿಗೆರೆ)

ಖಂಡಿತ ಖುಷಿಯೇ. ಆದರೆ 80 ಸಾವಿರವನ್ನು ಐದು ಸ್ಪೀಕರ್, ಒಂದು ಸಬ್‌ವೂಫರ್, ಒಂದು ರಿಸೀವರ್ (ಅವೆಲ್ಲವನ್ನೂ ನಡೆಸುವ ಆಂಪ್) ಅಂತ ಏಳು ಪಾಲು ಮಾಡಿದರೆ ಮುಂದಿನ ಎರಡಕ್ಕೆ ಉಳಿಯುವುದು ತೀರಾ ಸ್ವಲ್ಪ, ಅಪ್ಪ ಕೇಳುವುದು ಆ ಎರಡರಲ್ಲೇ. ಡಬ್ಬದಲ್ಲೇ ಬರುವ ಎಷ್ಟೋ 5.1 ಸೆಟ್‌ಗಳಲ್ಲಿ ಪ್ಲಗ್ ಕೂಡ ಆ ಕಂಪನಿಯದ್ದೇ ಇರುತ್ತೆ, ಒಂದು ಕೆಟ್ಟರೆ ಉಳಿದದ್ದನ್ನು ಬೇರೆ ಆಂಪ್‌ಗೆ ಸೇರಿಸಲಾಗಲ್ಲ. ಒಳ್ಳೆಯ ಎರಡು ಸ್ಪೀಕರ್ ನಡುವೆ ಟಿವಿ ಇಟ್ಟು, ಅಳತೆಯಲ್ಲಿ ಸರಿಯಾಗಿ ಕೂತರೆ ಸಂಭಾಷಣೆ ತೆರೆಯ ನಡುವಿನಿಂದಲೇ ಬಂದ ಹಾಗೆ ಕೇಳುತ್ತೆ. ಮುಂದೆ ಕೈಗೆ ದುಡ್ಡು ಬಂದಾಗ ಒಂದು ಸಬ್‌ವೂಫರ್ ಸೇರಿಸಿ, 80 ಹರ್ಟ್ಸ್ ಕೆಳಗಿನದ್ದು ಅದಕ್ಕೆ ಬಿಡಿ. ಆಂಪ್ ಕೊಳ್ಳುವಾಗ ಎಚ್‌ಡಿಎಂಐ ಎಆರ್‌ಸಿ (ಟಿವಿಯ ದನಿ ಆಂಪ್‌ಗೆ ಬರುವ ದಾರಿ) ಮತ್ತು ಸಬ್ ಔಟ್ (ಸಬ್‌ವೂಫರ್ ಸೇರಿಸುವ ಜಾಗ) ಇರುವುದನ್ನೇ ನೋಡಿ, ಟಿವಿಯ ರಿಮೋಟ್‌ನಲ್ಲೇ ಮನೆಯವರು ವಾಲ್ಯೂಮ್ ಹೆಚ್ಚು ಕಡಿಮೆ ಮಾಡಬಹುದು.

ಬೇಲೂರು ರಸ್ತೆ (ಹಾಸನ)

ಮನೆಯವರ ಕೈಗೆ ಒಂದೇ ರಿಮೋಟ್ ಅನ್ನೋದು ಸರಿಯಾದ ಮಾತು. ವಿದ್ಯಾನಗರದವರೇ, ನಮ್ಮ ಮನೆ ಹತ್ತಿರವೇ, ಒಂದು ಭಾನುವಾರ ಬಂದು ಕೇಳಿ. 5.1ರಲ್ಲಿ ಶ್ರೀಕಂಠನ್ ಅವರನ್ನೂ ಹಾಕ್ತೀನಿ, ನೀವೇ ತೀರ್ಮಾನ ಮಾಡಿ.

ರಿಪೇರಿ ಮೇಜು (ಅರಸೀಕೆರೆ)

ಕರೆಂಟ್ ವಿಚಾರ ಯಾರೂ ಎತ್ತಲಿಲ್ಲ. ಮಳೆ ಶುರುವಾದ ಮೇಲೆ ನನ್ನ ಮೇಜಿಗೆ ಬರೋ ಆಂಪ್‌ಗಳಲ್ಲಿ ಸಿಡಿಲಿಗೆ ಹೋದವೇ ಜಾಸ್ತಿ. ಗುಡುಗು ಹತ್ತಿರ ಬರೋಕ್ಕೆ ಮೊದಲೇ ಪ್ಲಗ್ ಕೀಳಿ, ಅದಷ್ಟೇ ಅಲ್ಲ, ಡಿಶ್‌ನ ಕೇಬಲ್ಲು, ಇಂಟರ್‌ನೆಟ್ ವೈರೂ ಕೀಳಿ. ಎಷ್ಟೋ ಸಲ ಸಿಡಿಲು ಬರೋದು ಆ ದಾರಿಯಲ್ಲೇ, ಟಿವಿಯಿಂದ ಎಚ್‌ಡಿಎಂಐ ಹಿಡಿದು ಆಂಪ್‌ಗೆ.

ಇನ್ವರ್ಟರ್ ಸ್ಕ್ವೇರ್ ವೇವ್ ಆಗಿದ್ರೆ, ಒಳಗೆ ಟ್ರಾನ್ಸ್‌ಫಾರ್ಮರ್ ಇರೋ ಆಂಪ್ ಗೊಂಯ್ ಅನ್ನುತ್ತೆ, ಬಿಸಿಯೂ ಆಗುತ್ತೆ. ಪ್ಯೂರ್ ಸೈನ್ ವೇವ್ ಆದ್ರೆ ತೊಂದರೆ ಇಲ್ಲ. ಕ್ಲಾಸ್ ಡಿ ಆಂಪ್‌ಗಳಲ್ಲಿ ಬಹಳಷ್ಟಕ್ಕೆ 100ರಿಂದ 240 ವೋಲ್ಟ್‌ವರೆಗೂ ತಡೆಯೋ ಎಸ್‌ಎಂಪಿಎಸ್ (ಒಂದು ಬಗೆಯ ಪವರ್ ಸಪ್ಲೈ) ಬರುತ್ತೆ, ವೋಲ್ಟೇಜ್ ಇಳಿಯೋ ಬೀದಿಗಳಿಗೆ ಅದು ಒಳ್ಳೇದು. ಅರ್ತಿಂಗ್ ಮಾತ್ರ ಎಲೆಕ್ಟ್ರಿಷಿಯನ್ ಕರೆಸಿ ನೋಡಿಸಿ. ಬೇಸಿಗೆಯಲ್ಲಿ ಅರ್ತಿಂಗ್ ಗುಂಡಿ ಒಣಗಿದ್ರೆ ನೀರು ಹಾಕಿ. ಅರ್ತಿಂಗ್ ಇಲ್ಲದೆ ಸರ್ಜ್ ಪ್ರೊಟೆಕ್ಟರ್ (ವೋಲ್ಟೇಜ್ ದಿಢೀರ್ ಏರಿದ್ರೆ ತಡೆಯೋದು) ಹಾಕಿ ಹೆಚ್ಚು ಲಾಭ ಇಲ್ಲ.

ಕೊಪ್ಪದ ಚೆಂಡೆ

ವೈರ್‌ಗೆ ಎಷ್ಟು ಇಡಬೇಕು ಅಂತ ಕೇಳೋ ಮೊದಲೇ ಹೇಳ್ತೇನೆ. ಎಲೆಕ್ಟ್ರಿಕಲ್ ಅಂಗಡಿಯ 2.5 ಚದರ ಮಿಲಿಮೀಟರ್ ತಾಮ್ರದ ಮಲ್ಟಿಸ್ಟ್ರಾಂಡ್ ವೈರ್. ಐದು ಮೀಟರ್ ದೂರಕ್ಕೆ ಹೋಗಿ ಬರೋ ದಾರಿ ಸೇರಿ ರೋಧ ಸುಮಾರು 0.07 ಓಮ್. 8 ಓಮ್ ಸ್ಪೀಕರ್‌ಗೆ ಅದು ಲೆಕ್ಕಕ್ಕೇ ಇಲ್ಲ.

ವಿದ್ಯಾನಗರದ ಕೇಳುಗ (ಹಾಸನ)

ಬೇಲೂರು ರಸ್ತೆಯವರ ಮನೆಗೆ ಅಪ್ಪನನ್ನೂ ಕರ್ಕೊಂಡು ಹೋಗಿದ್ದೆ. ಸಿನಿಮಾ ನಿಜಕ್ಕೂ ಭರ್ಜರಿ. ಹಾಡು ಹಾಕಿದಾಗ ಅಪ್ಪ ಸ್ವಲ್ಪ ಹೊತ್ತು ಕೇಳಿ, "ದನಿ ಇದೆ, ಮೈ ಇಲ್ಲ" ಅಂದ್ರು. ಮನೆಯೊಡೆಯರೇ ಬೇಸರ ಮಾಡಿಕೊಳ್ಳದೆ, ಮುಂದಿನ ಎರಡೇ ಸ್ಪೀಕರ್‌ಗಳಲ್ಲಿ, ಕುರ್ಚಿ ಮುಂದೆ ಸರಿಸಿ ಮತ್ತೊಮ್ಮೆ ಹಾಕಿದ್ರು. ಅಪ್ಪ ಪಲ್ಲವಿ ಮುಗಿಯುವವರೆಗೂ ಮಾತಾಡಲಿಲ್ಲ.

ಈಗ ನನ್ನ ಲೆಕ್ಕ ಹೀಗಿದೆ. ಸ್ಪೀಕರ್ 45 ಸಾವಿರ. ಆಂಪ್ 20. ಜಮಖಾನೆ, ಪರದೆ, ಸ್ಟ್ಯಾಂಡ್ ಸೇರಿ 8. ವೈರು, ಡಾಂಗಲ್ ಚಿಲ್ಲರೆಗೆ 3. ಉಳಿದದ್ದು ಅಪ್ಪ ಹೇಳಿದ ಸಿಡಿಗಳಿಗೆ. ಬೆಂಗಳೂರಿಗೆ ಹೋಗಿ ಸ್ಪೀಕರ್ ಕೇಳಿ ಬರೋಣ ಅಂತಿದ್ದೀನಿ. ಅಂಗಡಿಯಲ್ಲಿ ಹೇಗೆ ಕೇಳಬೇಕು?

ತಿರುಗುತಟ್ಟೆ (ಚಿಕ್ಕಮಗಳೂರು)

ಅಪ್ಪನ್ನ ಕರ್ಕೊಂಡೇ ಹೋಗಿ. ಅಂಗಡಿಯವರು ಹಾಕುವ ಹಾಡಲ್ಲ, ನಿಮಗೆ ಬಾಯಿಪಾಠ ಇರುವ ಹಾಡು ಕೇಳಿ. ತಂಬೂರಿ ಒಂದೇ ನುಡಿಯುವ ಜಾಗ, ಮೃದಂಗದ ತನಿ (ಒಂಟಿ ವಾದನ), ಒಂದು ಹಳೆಯ ಸಿನಿಮಾ ಹಾಡು. ಪಿಟೀಲು ಮೇಲಿನ ಸ್ಥಾಯಿಗೆ ಹೋದಾಗ ಕಿವಿ ಚುಚ್ಚಿದರೆ ಆ ಸ್ಪೀಕರ್ ಜೊತೆ ವರ್ಷಗಟ್ಟಲೆ ಇರಲಾಗಲ್ಲ, ಅಂಗಡಿಯಲ್ಲಿ ಅದು ಎಷ್ಟೇ ಝಗಝಗ ಅನ್ನಿಸಲಿ.

ತೋಟದ ಮನೆ (ಮೂಡಿಗೆರೆ)

ಹಾಗೇ ಎರಡು ಸ್ಪೀಕರ್ ಹೋಲಿಸುವಾಗ ವಾಲ್ಯೂಮ್ ಸಮ ಮಾಡಿಸಿ. ಒಂದು ಡೆಸಿಬೆಲ್ ಜೋರಿದ್ದರೂ ಅದೇ ಚೆನ್ನಾಗಿದೆ ಅಂತ ಮನಸ್ಸು ಹೇಳಿಬಿಡುತ್ತೆ. ಫೋನಿನ ಸೌಂಡ್ ಮೀಟರ್ ಆ್ಯಪ್ ಒಂದೇ ಜಾಗದಲ್ಲಿ ಹಿಡಿದು ನೋಡಿದರೆ ಹೋಲಿಕೆಗೆ ಸಾಕು. ಕುರ್ಚಿಯಿಂದ ಎದ್ದು ಪಕ್ಕಕ್ಕೆ ನಡೆಯಿರಿ, ಬಾಗಿಲ ಬಳಿ ನಿಲ್ಲಿ, ಅಲ್ಲೂ ದನಿಯ ಬಣ್ಣ ತೀರಾ ಬದಲಾಗದಿದ್ದರೆ ಅದು ಟೂಲ್ ಹೇಳಿದ ಬಗೆಯ ಸ್ಪೀಕರ್. ನಿಮ್ಮ ಟೈಲ್ಸ್ ಹಾಲ್‌ಗೆ ಅದು ಬಹಳ ಮುಖ್ಯ. ಮನೆಯಲ್ಲಿ ಹೊಂದದಿದ್ದರೆ ವಾಪಸ್ ತಗೋತೀರಾ ಅಂತಲೂ ಕೇಳಿ.

ಮನೆಗೆ ತಂದ ದಿನ ಮೊದಲು ಹಾಕಬೇಕಾದದ್ದು ನಿಮ್ಮ ಹಳೆಯ ಸಿನಿಮಾ ಹಾಡು. ಆ ಕಾಲದವು ಬಹುತೇಕ ಮೋನೋ, ಅಂದ್ರೆ ಒಂದೇ ಚಾನೆಲ್‌ನವು. ಮೋನೋ ಹಾಡು ಎರಡು ಸ್ಪೀಕರ್‌ಗಳ ನಟ್ಟನಡುವೆ, ಒಂದೇ ಬಿಂದುವಿನಿಂದ ಬರಬೇಕು. ದನಿ ಹರಡಿಕೊಂಡು ಎಲ್ಲಿಂದ ಬರ್ತಿದೆ ಅಂತ ತಿಳಿಯದೆ, ಮಂದ್ರವೂ ತೆಳುವಾಗಿದ್ದರೆ ಒಂದು ಸ್ಪೀಕರ್‌ನ ಕೆಂಪು-ಕಪ್ಪು ವೈರ್ ಅದಲುಬದಲಾಗಿದೆ. ಒಂದು ಪಕ್ಕಕ್ಕೆ ವಾಲಿದ್ದರೆ ದೂರ ಅಳೆಯಿರಿ.

ವಿದ್ಯಾನಗರದ ಕೇಳುಗ (ಹಾಸನ)

ಬರೆದಿಟ್ಟುಕೊಂಡೆ. ಕೊನೆಯದಾಗಿ ಸ್ಟ್ಯಾಂಡ್. ಕಂಪನಿಯದ್ದು ದುಬಾರಿ. ಇಲ್ಲೇ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಬಹುದಾ?

ರಿಪೇರಿ ಮೇಜು (ಅರಸೀಕೆರೆ)

ಧಾರಾಳವಾಗಿ. ಮೂರಿಂಚು ಚೌಕದ ಕಬ್ಬಿಣದ ಪೈಪ್, ಕೆಳಗೂ ಮೇಲೂ ದಪ್ಪ ತಗಡು. ಪೈಪ್ ಒಳಗೆ ಒಣಗಿಸಿದ ಮರಳು ತುಂಬಿಸಿ, ಇಲ್ಲಾಂದ್ರೆ ಗಂಟೆ ಹಾಗೆ ಝಣ್ ಅನ್ನುತ್ತೆ. ಎತ್ತರ ಈಗಲೇ ಹೇಳಬೇಡಿ. ಸ್ಪೀಕರ್ ಬಂದ ಮೇಲೆ ಅಪ್ಪನನ್ನು ಅವರ ಕುರ್ಚಿಯಲ್ಲಿ ಕೂರಿಸಿ ನೆಲದಿಂದ ಕಿವಿಯವರೆಗೆ ಅಳೆಯಿರಿ, ಸ್ಪೀಕರ್ ತಳದಿಂದ ಟ್ವೀಟರ್‌ವರೆಗಿನ (ಮೇಲಿನ ಸ್ವರ ನುಡಿಸೋ ಸಣ್ಣ ಭಾಗ) ಅಳತೆ ಅದರಲ್ಲಿ ಕಳೆಯಿರಿ. ಉಳಿದದ್ದು ಸ್ಟ್ಯಾಂಡ್ ಎತ್ತರ. ಅರಸೀಕೆರೆ ಕಡೆ ಬಂದ್ರೆ ಅಳತೆ ತನ್ನಿ, ನಮ್ಮ ಪಕ್ಕದ ವೆಲ್ಡರ್ ಹತ್ತಿರ ನಾನೇ ನಿಂತು ಮಾಡಿಸಿಕೊಡ್ತೀನಿ.